ಹೊಸ ಪ್ರೋಗ್ರೆಸಿವ್ ಕನ್ನಡಕ: ಗದ್ದ ಎತ್ತಿದರೆ ಮಾತ್ರ ಓದಲು ಆಗುತ್ತಿದೆ, ಮೆಟ್ಟಿಲು ಮಸುಕು

ಪ್ರೋಗ್ರೆಸಿವ್ ಕನ್ನಡಕದಲ್ಲಿ (ಒಂದೇ ಲೆನ್ಸಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಲು) ಗದ್ದ ಎತ್ತಿದರೆ ಮಾತ್ರ ಮೊಬೈಲ್ ಓದಲು ಆಗುತ್ತಿದೆ ಎಂದರೆ, ಬಹುಶಃ ನಂಬರ್ ತಪ್ಪಿಲ್ಲ. ಲೆನ್ಸ್ ಕಣ್ಣಿಗಿಂತ ಕೆಳಗೆ ಕೂತಿದೆ. ಮೊದಲು ಫ್ರೇಮನ್ನು ಬೆರಳಿನಿಂದ 2-3 ಮಿಲಿಮೀಟರ್ ಮೇಲೆತ್ತಿ ಓದಿ ನೋಡಿ. ಅಕ್ಷರ ಸ್ಪಷ್ಟವಾದರೆ ಅಂಗಡಿಯಲ್ಲಿ ಮೂಗಿನ ಪ್ಯಾಡ್ ಸ್ವಲ್ಪ ಒಳಕ್ಕೆ ಬಗ್ಗಿಸಿಕೊಳ್ಳಿ, ಐದು ನಿಮಿಷದ ಕೆಲಸ. ಪ್ಲಾಸ್ಟಿಕ್ ಫ್ರೇಮಿಗೆ ಪ್ಯಾಡ್ ಇರದಿದ್ದರೆ ಕಿವಿಯ ಹಿಂದಿನ ಕಡ್ಡಿ ಬಿಗಿ ಮಾಡಿಸಿ.

ಆಗಲೂ ಸರಿಹೋಗದಿದ್ದರೆ ಲೆನ್ಸ್ ಮೇಲೆ ಮತ್ತೆ ಗುರುತು ಹಾಕಿಸಿ. ನೀವು ನೇರ ನೋಡುವಾಗ ಫಿಟ್ಟಿಂಗ್ ಕ್ರಾಸ್ (ಲೆನ್ಸ್ ಕೂರಿಸಲು ಹಾಕುವ + ಗುರುತು) ಪಾಪೆಯ ನಡುವೆಯೇ ಬರಬೇಕು. ಕೆಳಗಿದ್ದರೆ ಲೆನ್ಸ್ ಬದಲಿಸಿಕೊಡಿ ಎಂದು ಕೇಳಿ. ಅದು ಅಳತೆ ತೆಗೆದವರ ತಪ್ಪು, ನಿಮ್ಮದಲ್ಲ.

ಮೆಟ್ಟಿಲು ಮಸುಕಾಗುವುದು ಬೇರೆ ವಿಷಯ: ಲೆನ್ಸಿನ ಕೆಳಭಾಗ ಇರುವುದೇ ಓದಲು. ಇಳಿಯುವಾಗ ತಲೆ ಬಗ್ಗಿಸಿ ಮೇಲ್ಭಾಗದಿಂದ ನೋಡಿ. ಹೊಸದಕ್ಕೆ ಒಗ್ಗಿಕೊಳ್ಳಲು, ಹಳೆಯ ಕನ್ನಡಕವನ್ನು ಎರಡು ವಾರ ಮುಟ್ಟಬೇಡಿ. ಒಂದೇ ಕಣ್ಣು ಮಂಜಾದರೆ ಅಂಗಡಿಗಲ್ಲ, ಕಣ್ಣಿನ ವೈದ್ಯರ ಬಳಿ ಹೋಗಿ.