ಓದುಗರ ಪ್ರಶ್ನೆ: ಸಕ್ಕರೆಯ ಬದಲು ಸ್ಟೀವಿಯಾ

ಪ್ರಶ್ನೆ: ವಯಸ್ಸು 52, ತೂಕ 60 ಕೆ.ಜಿ. ಟೈಪ್ 2 ಮಧುಮೇಹವಿದೆ. ಸಕ್ಕರೆ ಬಿಟ್ಟು ಚಹಾಕ್ಕೂ ಸಿಹಿ ತಿಂಡಿಗೂ ಸ್ಟೀವಿಯಾ (ಒಂದು ಗಿಡದ ಎಲೆಯಿಂದ ತೆಗೆಯುವ ಸಿಹಿಕಾರಕ) ಪುಡಿ ಬಳಸುತ್ತಿದ್ದೇನೆ. ಆದರೂ ಊಟವಾದ ಮೇಲಿನ ಶುಗರ್ ಇಳಿದಿಲ್ಲ. ಇದು ನೈಸರ್ಗಿಕ ತಾನೇ, ದಿನಕ್ಕೆ ಎಷ್ಟು ಬಳಸಬಹುದು?

ಉತ್ತರ: ಮೊದಲು ಡಬ್ಬಿ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಹೆಚ್ಚು ತೂಕವಿರುವ ಪದಾರ್ಥದ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಅಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ಎಂದಿದ್ದರೆ ಡಬ್ಬಿಯೊಳಗಿನ ಬಹುಪಾಲು ಸ್ಟೀವಿಯಾ ಅಲ್ಲ. ಶುದ್ಧ ಸ್ಟೀವಿಯಾ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. 5 ಗ್ರಾಂ ಸಕ್ಕರೆಯ ಸಿಹಿಗೆ ಸುಮಾರು 20 ಮಿಲಿಗ್ರಾಂ ಸಾಕು. ಅಷ್ಟನ್ನು ಚಮಚದಲ್ಲಿ ಅಳೆಯಲಾಗದು, ಅದಕ್ಕೇ ಬೇರೆ ಪುಡಿ ಬೆರೆಸಿ ಗಾತ್ರ ಹೆಚ್ಚಿಸುತ್ತಾರೆ. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ಮಾಲ್ಟೋಡೆಕ್ಸ್‌ಟ್ರಿನ್ ಕೂಡ ಹೆಚ್ಚುಕಡಿಮೆ ಅದೇ ವೇಗದಲ್ಲಿ ಶುಗರ್ ಏರಿಸುತ್ತದೆ. ಒಂದೆರಡು ಪುಟ್ಟ ಪೊಟ್ಟಣಗಳಿಂದ ತೊಂದರೆಯಿಲ್ಲ, ಚಮಚಗಟ್ಟಲೆ ಹಾಕಿದರೆ ಗ್ಲೂಕೋಮೀಟರಿನಲ್ಲಿ ಕಾಣುತ್ತದೆ.

ಶುದ್ಧ ಸಾರ ಶುಗರ್ ಏರಿಸುವುದಿಲ್ಲ. ಅದು ಜಠರದಲ್ಲಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಸ್ಟೀವಿಯಾಲ್ ಆಗಿ ಒಡೆಯುತ್ತವೆ. ಲಿವರ್ ಅದನ್ನು ಮಾರ್ಪಡಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ದಿನದ ಮಿತಿ ದೇಹದ ತೂಕದ ಪ್ರತಿ ಕೆ.ಜಿ.ಗೆ 4 ಮಿಲಿಗ್ರಾಂ ಸ್ಟೀವಿಯಾಲ್. ನಿಮ್ಮ ತೂಕಕ್ಕೆ 240 ಮಿಲಿಗ್ರಾಂ, ಸಾರದ ಲೆಕ್ಕದಲ್ಲಿ ಅದರ ಮೂರರಷ್ಟು, ಅಂದರೆ ಸುಮಾರು 36 ಚಮಚ ಸಕ್ಕರೆಯಷ್ಟು ಸಿಹಿ. ದೊಡ್ಡವರು ಅಲ್ಲಿಗೆ ಮುಟ್ಟುವುದು ಅಪರೂಪ. 15 ಕೆ.ಜಿ. ತೂಕದ ಮಗುವಿಗೆ ಮಾತ್ರ 9 ಚಮಚಕ್ಕೇ ಮಿತಿ ಮುಗಿಯುತ್ತದೆ, ಅಲ್ಲಿ ಎಚ್ಚರ ಬೇಕು.

ಬೆರಕೆಯಿಲ್ಲದ ಪುಡಿ ಸಿಕ್ಕಿದರೆ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ 1 ಗ್ರಾಂ ತೂಗಿ, ಕುದಿಸಿ ಆರಿಸಿದ 50 ಮಿ.ಲೀ. ನೀರಿನಲ್ಲಿ ಕರಗಿಸಿ ಫ್ರಿಜ್‌ನಲ್ಲಿಡಿ. 1 ಮಿ.ಲೀ. ಅಂದರೆ ಒಂದು ಚಮಚ ಸಕ್ಕರೆಯ ಸಿಹಿ. ಕಹಿ ಬಂದರೆ ಹೆಚ್ಚಾಗಿದೆ ಎಂದರ್ಥ, ಅರ್ಧಕ್ಕೆ ಇಳಿಸಿ.

ಇನ್ನೊಂದು ಮಾತು. ಊಟದ ನಂತರದ ಶುಗರ್ ಏರಿಸುವುದು ಮುಖ್ಯವಾಗಿ ತಟ್ಟೆಯಲ್ಲಿರುವ ಪಿಷ್ಟ. ಅದು ಇದ್ದಷ್ಟೇ ಇದ್ದರೆ ಚಹಾದ ಸಕ್ಕರೆ ಬಿಟ್ಟದ್ದರಿಂದ ಆಗುವ ಲಾಭ ಕಡಿಮೆ.

ಪ್ರಶ್ನೆ: ನಮ್ಮ ಸ್ಟೀವಿಯಾ ಡಬ್ಬಿಯಲ್ಲಿ ಎರಿಥ್ರಿಟಾಲ್ ಎಂಬ ಇನ್ನೊಂದು ಸಿಹಿಕಾರಕ ಬೆರೆಸಿದ್ದಾರೆ. ಹೃದಯಕ್ಕೆ ಕೆಟ್ಟದ್ದಂತೆ, ನಿಜವೇ?

ಉತ್ತರ: ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವು ಎಂದು 2023ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಏಕೆಂದರೆ ನಮ್ಮ ದೇಹವೂ ಸ್ವಲ್ಪ ಎರಿಥ್ರಿಟಾಲ್ ತಯಾರಿಸುತ್ತದೆ. ಆದರೂ ಹೃದ್ರೋಗ ಇರುವವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು ಇದು ಸೇರದ ಸ್ಟೀವಿಯಾ ಆರಿಸುವುದೇ ಮೇಲು. ಎರಿಥ್ರಿಟಾಲ್ ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗುವುದೂ ಉಂಟು.

ಪ್ರಶ್ನೆ: ತೂಕ ಇಳಿಸಲು ಸ್ಟೀವಿಯಾ ಒಳ್ಳೆಯದೇ?

ಉತ್ತರ: ಅದನ್ನೇ ನಂಬಿಕೊಳ್ಳಬೇಡಿ. ತೂಕ ನಿಯಂತ್ರಣಕ್ಕೆಂದು ಇಂಥ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿತು. ಆ ಪಟ್ಟಿಯಲ್ಲಿ ಸ್ಟೀವಿಯಾ ಕೂಡ ಇದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸದು.

ಪ್ರಶ್ನೆ: ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಸಕ್ಕರೆ ತರುವುದನ್ನೇ ನಿಲ್ಲಿಸಿ ಸ್ಟೀವಿಯಾ ಮಾತ್ರ ಇಟ್ಟುಕೊಳ್ಳಬಹುದೇ?

ಉತ್ತರ: ದಯವಿಟ್ಟು ಬೇಡ. ನಡುಕ, ಬೆವರು ಬಂದು ಶುಗರ್ 70ಕ್ಕಿಂತ ಕೆಳಗೆ ಇಳಿದಾಗ ಸ್ಟೀವಿಯಾ ಹಾಕಿದ ಪಾನೀಯ ಕೊಟ್ಟರೆ ನಾಲಿಗೆಗೆ ಸಿಹಿ, ರಕ್ತಕ್ಕೆ ಏನೂ ಇಲ್ಲ. 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್, ಅಂದರೆ ಮೂರು ಚಮಚ, ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಮ್ಮ ಮಲಗುವ ಕಡೆ ಕೈಗೆಟುಕುವಂತೆ ಗ್ಲೂಕೋಸ್ ಡಬ್ಬಿ ಇಟ್ಟು, ಅದು ಯಾವುದಕ್ಕೆ ಎಂದು ಮನೆಯವರಿಗೆಲ್ಲ ಹೇಳಿರಿ.