ರಾ ಬೇರೆ, ಸ್ಮ್ಯಾಕ್‌ಡೌನ್ ಬೇರೆ: ಹಾಗೆಯೇ ಇರಲಿ

ಪತ್ರ: ಕಥೆ ಹೆಣೆದು ಕುಸ್ತಿ ಆಡಿಸುವ ಅಮೆರಿಕದ ಕಂಪನಿ ಡಬ್ಲ್ಯೂಡಬ್ಲ್ಯೂಇ ತನ್ನ ಕುಸ್ತಿಪಟುಗಳನ್ನು ರಾ, ಸ್ಮ್ಯಾಕ್‌ಡೌನ್ ಎಂಬ ವಾರವಾರದ ಎರಡು ಟಿವಿ ಕಾರ್ಯಕ್ರಮಗಳಿಗೆ ಹಂಚಿಟ್ಟಿರುವುದು ಬರೀ ವ್ಯಾಪಾರ. ನೋಡಬೇಕೆನಿಸುವ ಜೋಡಿಗಳು ಎದುರಾಗುವುದೇ ಇಲ್ಲ. ಇಬ್ಬರು ಚಾಂಪಿಯನ್ನರಿದ್ದರೆ ಬೆಲ್ಟಿಗೆ ಬೆಲೆ ಎಲ್ಲಿ? ಎಲ್ಲರನ್ನೂ ಒಂದುಗೂಡಿಸಬಾರದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೆಲ್ಟಿನ ಬೆಲೆಯ ಮಾತು ಅರ್ಧ ಒಪ್ಪಿದೆ. 2002ರ ಸೆಪ್ಟೆಂಬರ್‌ನಲ್ಲಿ ರಾ ಮುಖ್ಯಸ್ಥನ ಪಾತ್ರದಲ್ಲಿದ್ದ ಎರಿಕ್ ಬಿಷಫ್ ಹೊಸ ವರ್ಲ್ಡ್ ಹೆವಿವೇಟ್ ಬೆಲ್ಟನ್ನು ಪಂದ್ಯವೇ ಇಲ್ಲದೆ ಟ್ರಿಪಲ್ ಎಚ್ ಕೈಗಿತ್ತದ್ದು ಕೆಟ್ಟ ಆರಂಭ. ಆದರೆ ಉಳಿದದ್ದಕ್ಕೆಲ್ಲ ನನ್ನ ತಕರಾರಿದೆ.

2001ರ ಮಾರ್ಚ್‌ನಲ್ಲಿ ಎದುರಾಳಿ ಕುಸ್ತಿ ಕಂಪನಿ ಡಬ್ಲ್ಯೂಸಿಡಬ್ಲ್ಯೂವನ್ನು ಕೊಂಡ ಮೇಲೆ ಕಂಪನಿಯಲ್ಲಿ ಆಳು ಹೆಚ್ಚಾದರು, ಸಮಯ ಸಾಲದಾಯಿತು. ಎರಡು ಗಂಟೆಯ ಪ್ರದರ್ಶನದಲ್ಲಿ ಜಾಹೀರಾತು, ಪ್ರವೇಶದ ಸಂಗೀತ, ಮೈಕ್ ಹಿಡಿದ ಸವಾಲುಗಳನ್ನು ಕಳೆದರೆ ಉಳಿಯುವುದು ಐದಾರು ಪಂದ್ಯಗಳಿಗಷ್ಟೇ ಜಾಗ. ಎರಡೂ ದಿನ ಅದೇ ದೊಡ್ಡ ಹೆಸರುಗಳು ಬಂದರೆ ಹೊಸಬನ ಸರದಿ ಎಂದಿಗೆ? 2002ರ ಮಾರ್ಚ್ 25ರ ಡ್ರಾಫ್ಟ್, ಅಂದರೆ ಎರಡೂ ಕಾರ್ಯಕ್ರಮಗಳು ಸರದಿಯಂತೆ ಮಲ್ಲರನ್ನು ಆರಿಸಿಕೊಂಡದ್ದು, ಇದಕ್ಕೆ ಉತ್ತರ. ಸ್ಮ್ಯಾಕ್‌ಡೌನ್ ಮೊದಲು ದಿ ರಾಕ್‌ನನ್ನು ಆರಿಸಿತು, ರಾ ಅಂಡರ್‌ಟೇಕರ್‌ನನ್ನು. ಟಿವಿಯಲ್ಲಿ ಬಾರದ ಊರೂರಿನ ಪ್ರದರ್ಶನಗಳಿಗೂ ಎರಡು ತಂಡ ಹೊರಟವು. ಇದು ವ್ಯಾಪಾರವೇ, ಹೌದು. ಹೊಸಬರ ಕೈ ಪಳಗುವುದೂ ಅಲ್ಲಿಯೇ.

ಫಲ ತಡವಾಗಲಿಲ್ಲ. ಆ ವರ್ಷದ ಜೂನ್ 27ರಂದು ಜಾನ್ ಸೀನಾ ಸ್ಮ್ಯಾಕ್‌ಡೌನ್‌ನಲ್ಲಿ ಕರ್ಟ್ ಆ್ಯಂಗಲ್ ಎದುರು ಮೊದಲ ಹೆಜ್ಜೆಯಿಟ್ಟ. ರಾ ಬಳಗದಲ್ಲಿ ಬಟಿಸ್ಟಾ ಬೆಳೆದ. 2005ರ ರೆಸಲ್‌ಮೇನಿಯಾದಲ್ಲಿ, ಕಂಪನಿಯ ವರ್ಷದ ದೊಡ್ಡ ಪ್ರದರ್ಶನದಲ್ಲಿ, ಒಂದೇ ರಾತ್ರಿ ಇಬ್ಬರೂ ಚಾಂಪಿಯನ್ನರಾದರು. ಒಂದೇ ಬೆಲ್ಟಿದ್ದರೆ ಒಬ್ಬ ಕಾಯಬೇಕಿತ್ತು. 2007ರ ಜುಲೈಯಲ್ಲಿ ಎಡ್ಜ್ ಗಾಯಗೊಂಡು ಪಟ್ಟ ಬಿಟ್ಟಾಗ ಹಿಮಾಚಲದ ಖಲಿ ಚಾಂಪಿಯನ್ ಆದದ್ದು ನಿಮಗೆ ಖಂಡಿತ ನೆನಪಿರುತ್ತದೆ. ಅದೂ ಸ್ಮ್ಯಾಕ್‌ಡೌನ್‌ಗೆ ತನ್ನದೇ ಬೆಲ್ಟ್ ಇದ್ದುದರಿಂದ. ಅಂದು ಚಪ್ಪಾಳೆ ತಟ್ಟಿ ಇಂದು ಎರಡನೇ ಬೆಲ್ಟ್ ಬೇಡವೆನ್ನುವುದು ಸರಿಯೇ?

ನೋಡಬೇಕೆನಿಸುವ ಜೋಡಿಗಳ ಮಾತಿಗೆ ಬರೋಣ. ಕರಾವಳಿಯಲ್ಲಿ ಎರಡು ಯಕ್ಷಗಾನ ಮೇಳಗಳ ಜೋಡಾಟವೆಂದರೆ ಜನ ಮುಗಿಬೀಳುತ್ತಾರೆ. ಆ ಮೇಳಗಳು ತಿಂಗಳುಗಟ್ಟಲೆ ಬೇರೆಬೇರೆಯಾಗಿ ತಿರುಗಿದ್ದರಿಂದಲೇ ಆ ನೂಕುನುಗ್ಗಲು. ವರ್ಷಕ್ಕೊಮ್ಮೆಯ ಸರ್ವೈವರ್ ಸೀರೀಸ್ ಪ್ರದರ್ಶನದಲ್ಲಿ 2021ರವರೆಗೆ ರಾ ಮತ್ತು ಸ್ಮ್ಯಾಕ್‌ಡೌನ್ ಎದುರಾಗುತ್ತಿದ್ದುದಕ್ಕೂ ಇದೇ ಲೆಕ್ಕ. ವಾರವಾರವೂ ಬೆರೆತಿದ್ದರೆ ಅಲ್ಲಿ ನೋಡಲು ಏನು ಉಳಿಯುತ್ತಿತ್ತು?

ಕೆಟ್ಟದ್ದು ಹಂಚಿಕೆಯಲ್ಲ, ಅದನ್ನು ಪಾಲಿಸದ ಅವಸರ. 2007ರ ರೆಸಲ್‌ಮೇನಿಯಾ ನಂತರ ಒಂದೇ ಬ್ರ್ಯಾಂಡಿನ, ಅಂದರೆ ರಾ ಅಥವಾ ಸ್ಮ್ಯಾಕ್‌ಡೌನ್‌ನವರಷ್ಟೇ ಆಡುವ, ಪೇ ಪರ್ ವ್ಯೂಗಳನ್ನು (ಹಣ ಕೊಟ್ಟು ನೋಡುವ ದೊಡ್ಡ ಪ್ರದರ್ಶನಗಳನ್ನು) ನಿಲ್ಲಿಸಿದರು. ಅಲ್ಲಿಂದ ನಡುಹಂತದ ಮಲ್ಲರಿಗೆ ದೊಡ್ಡ ವೇದಿಕೆಯಲ್ಲಿ ಜಾಗ ಕಿರಿದಾಯಿತು. 2011ರ ಆಗಸ್ಟ್‌ನಲ್ಲಿ ಗಡಿಯನ್ನೇ ಅಳಿಸಿದರು. ಸ್ಮ್ಯಾಕ್‌ಡೌನ್ ಸೋಮವಾರದ ರಾ ಕಥೆಯನ್ನೇ ಮತ್ತೆ ಹೇಳುವ ಕಾರ್ಯಕ್ರಮವಾಯಿತು. 2016ರ ಜುಲೈ 19ರಂದು ಮತ್ತೆ ಡ್ರಾಫ್ಟ್ ನಡೆಯಿತು: ಪ್ರತಿ ಸುತ್ತಿನಲ್ಲಿ ಮೂರು ಗಂಟೆಯ ರಾಗೆ ಮೂವರು, ಎರಡು ಗಂಟೆಯ ಸ್ಮ್ಯಾಕ್‌ಡೌನ್‌ಗೆ ಇಬ್ಬರು. ಇಂಥ ಲೆಕ್ಕ ನನಗೆ ಇಷ್ಟ. ಆದರೆ 2019ರ ಮೇಯಲ್ಲಿ ವೈಲ್ಡ್ ಕಾರ್ಡ್ ನಿಯಮ ತಂದು, ಮೊದಲು ಮೂವರು ಗಡಿ ದಾಟಬಹುದು ಎಂದರು, ಆಮೇಲೆ ನಾಲ್ವರು ಎಂದರು. 2022ರಲ್ಲಿ ಎರಡೂ ದೊಡ್ಡ ಬೆಲ್ಟುಗಳು ರೋಮನ್ ರೇನ್ಸ್ ಹೆಗಲೇರಿದವು. ಆತ ಪ್ರತಿವಾರ ಬರುವವನಲ್ಲ. ಹಾಗಾಗಿ 2023ರಲ್ಲಿ ಮತ್ತೊಂದು ವರ್ಲ್ಡ್ ಹೆವಿವೇಟ್ ಬೆಲ್ಟ್ ಮಾಡಿಸಬೇಕಾಯಿತು.

ಮನರಂಜನೆಯ ಎಲ್ಲ ಕಡೆ ಈಗ ಇದೇ ರೋಗ. ಈ ವಾರದ ವೀಕ್ಷಕರ ಸಂಖ್ಯೆ ತುಸು ಇಳಿದರೆ ಸಾಕು, ಹಳೆಯ ಮುಖವನ್ನು ಕರೆತರುತ್ತಾರೆ, ಆರು ತಿಂಗಳು ಬೆಳೆಸಬೇಕಾದವನನ್ನು ಅವನ ಕೈಯಲ್ಲಿ ಸೋಲಿಸುತ್ತಾರೆ. ನೋಡುವ ನಾವೂ ಹಳಬರ ಸಂಗೀತ ಕೇಳಿದರಷ್ಟೇ ಎದ್ದು ನಿಲ್ಲುತ್ತೇವೆ. ನೀವೂ ಅದನ್ನೇ ಕೇಳುತ್ತಿದ್ದೀರಿ ಎಂಬುದು ನನ್ನ ಬೇಸರ.

ಬ್ರ್ಯಾಂಡಿಗೊಬ್ಬ ಚಾಂಪಿಯನ್, ಪ್ರತ್ಯೇಕ ಬರಹಗಾರರು, ವರ್ಷಕ್ಕೊಂದೇ ಡ್ರಾಫ್ಟ್, ಅದೂ ರೆಸಲ್‌ಮೇನಿಯಾ ಕಥೆಗಳು ಮುಗಿದ ಮೇಲೆ. ನಡುವೆ ಗಾಯಾಳುವಿನ ಜಾಗ ತುಂಬಲು ಮಾತ್ರ ಅದಲುಬದಲು. ಇಷ್ಟನ್ನು ಪಾಲಿಸಿದರೆ ಏನಾಗುತ್ತದೆಂದು ತಿಳಿಯಬೇಕೇ? ಪಾಲ್ ಹೇಮನ್ ಕಥೆ ಹೆಣೆಯುತ್ತಿದ್ದ 2002ರ ಶರತ್ಕಾಲದ ಸ್ಮ್ಯಾಕ್‌ಡೌನ್ ನೋಡಿ. ಅಕ್ಟೋಬರ್‌ನ ನೋ ಮರ್ಸಿ ಪ್ರದರ್ಶನದಲ್ಲಿ ಎಡ್ಜ್, ರೇ ಮಿಸ್ಟೀರಿಯೋ ಜೋಡಿಯಾಗಿ ಆಡಿದ ಟ್ಯಾಗ್ ಫೈನಲ್ ತಪ್ಪಿಸಬೇಡಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಪ್ರಕಟಿಸುತ್ತೇನೆ.