ಚೀನಾದ ಪ್ರಭಾವವೋ ಮಂಗೋಲರ ಪ್ರಭಾವವೋ: ಎಂ.ಎ. ಪ್ರಬಂಧಕ್ಕೆ ಯಾವುದನ್ನು ಆರಿಸಲಿ?

ಎರಡನ್ನೂ ಆರಿಸಬೇಡಿ. ‘ನೆರೆಯ ಸಮಾಜಗಳ ಮೇಲೆ ಚೀನಾದ ಪ್ರಭಾವ’, ‘ನೆರೆಯ ಸಮಾಜಗಳ ಮೇಲೆ ಮಂಗೋಲರ ಪ್ರಭಾವ’ ಎಂಬ ಎರಡು ಶೀರ್ಷಿಕೆಗಳನ್ನು ಮುಂದಿಟ್ಟು, ಯಾವುದಕ್ಕೆ ಆಕರಗಳು ಹೆಚ್ಚು ಸಿಗುತ್ತವೆ ಎಂದು ಕೇಳಿದ್ದೀರಿ. ಬಹಳ ಹಿಂದೆ ನನ್ನ ಸಿನಾಪ್ಸಿಸ್‌ನಲ್ಲಿಯೂ ಇವೇ ಎರಡು ಇದ್ದವು. ನಾನು ಇನ್ನೂ ಜಾಣನೆಂದುಕೊಂಡು, ಎರಡನ್ನೂ ಒಂದೇ ಪ್ರಬಂಧದಲ್ಲಿ ಸೇರಿಸಿ, ಕೊರಿಯಾವನ್ನು ಉದಾಹರಣೆಯಾಗಿ ಇಟ್ಟುಕೊಂಡು ತುಲನೆ ಮಾಡಲು ಹೊರಟೆ. ಅದರಿಂದ ನನ್ನ ಪದವಿ ಒಂದು ವರ್ಷ ಹಿಂದೆ ಬಿತ್ತು.

ಕೊರಿಯಾವನ್ನು ಆರಿಸಿಕೊಂಡದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿ ಅಂದು ಆಳುತ್ತಿದ್ದ ಗೊರ್ಯೊ ವಂಶದ ಮೇಲೆ ಮಂಗೋಲರು 1231ರಲ್ಲಿ ದಂಡೆತ್ತಿ ಬಂದರು. ಮರುವರ್ಷವೇ ಆಸ್ಥಾನವು ರಾಜಧಾನಿ ಕೆಸೊಂಗ್ ಅನ್ನು ತೊರೆದು ಗಂಗ್ಹ್ವಾ ದ್ವೀಪವನ್ನು ಸೇರಿ, 1270ರವರೆಗೆ ಅಲ್ಲಿಯೇ ಉಳಿಯಿತು. ದ್ವೀಪದಲ್ಲಿದ್ದ ದೊರೆಗಳು ಬದುಕಿಕೊಂಡರು, ಹಿಂದೆ ಉಳಿದ ಪ್ರಜೆಗಳು ಅದರ ಬೆಲೆ ತೆತ್ತರು: 1254ರ ಒಂದೇ ದಾಳಿಯಲ್ಲಿ 2,06,800 ಮಂದಿಯನ್ನು ಸೆರೆಹಿಡಿದು ಒಯ್ದರೆಂದು ಗೊರ್ಯೊ ವಂಶದ ಅಧಿಕೃತ ಇತಿಹಾಸವು ಲೆಕ್ಕ ಕೊಡುತ್ತದೆ. ಕೊನೆಗೆ ಸಂಧಿಯಾಗಿ, 1274ರಲ್ಲಿ ಗೊರ್ಯೊ ಯುವರಾಜನು ಮಂಗೋಲರ ದೊರೆ ಕುಬ್ಲಾಯ್ ಖಾನನ ಮಗಳನ್ನು ಮದುವೆಯಾದ. ಅದೇ ವರ್ಷ ಪಟ್ಟವೇರಿದ ಆತನೇ ಇತಿಹಾಸದಲ್ಲಿ ಚುಂಗ್ನ್ಯೊಲ್ ಎಂದು ಹೆಸರಾದ ಅರಸ. ಜಪಾನಿನ ಮೇಲಿನ ಮೊದಲ ದಂಡಯಾತ್ರೆಗೆ 900 ಹಡಗುಗಳನ್ನು ಗೊರ್ಯೊ ಕಟ್ಟಿಕೊಡಬೇಕಾಗಿ ಬಂದದ್ದೂ ಅದೇ ವರ್ಷ. ಮಾವನ ಮನೆಯವರಿಗೆ ಇಲ್ಲವೆನ್ನಲು ಆಗುವಂತಿರಲಿಲ್ಲ.

ತಪ್ಪಿದ್ದದ್ದು ನಾನು ಹಾಕಿಕೊಂಡ ಪಟ್ಟಿಯಲ್ಲಿ. ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಚೀನಾ, ಬಲಗಡೆ ಮಂಗೋಲರು ಎಂದು ಬರೆದುಕೊಂಡಿದ್ದೆ. ಕನ್ಫ್ಯೂಶಿಯಸ್‌ನ ವಿದ್ಯೆ, ಅಧಿಕಾರಿಗಳನ್ನು ಆರಿಸುವ ಪರೀಕ್ಷೆ, ಲಿಪಿ, ಗ್ರಂಥಸಂಗ್ರಹ ಇವೆಲ್ಲ ಎಡಕ್ಕೆ ಹೋದವು. ತಲೆಯ ಸುತ್ತ ಬೋಳಿಸಿ ಜಡೆ ಹೆಣೆಯುವ ರೂಢಿ, ಕೊರಿಯಾದ ದಕ್ಷಿಣದ ಜೆಜು ದ್ವೀಪದ ಕುದುರೆಗಳು, ಸೋಜು ಎಂಬ ಭಟ್ಟಿ ಇಳಿಸಿದ ಮದ್ಯ, ಕಪ್ಪದ ಜೊತೆ ಕಳುಹಿಸಬೇಕಾಗಿದ್ದ ಹೆಣ್ಣುಮಕ್ಕಳು ಇವೆಲ್ಲ ಬಲಕ್ಕೆ ಬಂದವು. ಎಡಗಡೆ ಇದ್ದದ್ದೆಲ್ಲ ಸಂಸ್ಕೃತಿ, ಬಲಗಡೆ ಇದ್ದದ್ದೆಲ್ಲ ಬಲಾತ್ಕಾರ. ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದ ಹಾಗೆ ನಾನು ಪ್ರತಿಯೊಂದು ಸಂಗತಿಯನ್ನೂ ಎತ್ತಿ ಆಚೆ ಈಚೆ ಇಡುತ್ತಾ ಹೋದೆ. ನನ್ನ ಮಾರ್ಗದರ್ಶಕರಿಗೆ ಅದರ ಅಚ್ಚುಕಟ್ಟುತನ ಬಹಳ ಮೆಚ್ಚುಗೆಯಾಯಿತು.

ಮೌಖಿಕ ಪರೀಕ್ಷೆಯ ದಿನ ಬಾಹ್ಯ ಪರೀಕ್ಷಕರು ಆ ಪುಟವನ್ನೇ ತೆರೆದು ಕುಳಿತಿದ್ದರು. ಎಡಗಡೆಯ ಮೊದಲ ಹೆಸರು ಆನ್ ಹ್ಯಾಂಗ್ ಎಂಬ ವಿದ್ವಾಂಸನದು. ಝೂ ಶಿ ಎಂಬ ಚೀನೀ ಚಿಂತಕನು ಕನ್ಫ್ಯೂಶಿಯಸ್‌ನ ವಿದ್ಯೆಗೆ ಕೊಟ್ಟ ಹೊಸ ವ್ಯಾಖ್ಯಾನವನ್ನು, ಅಂದರೆ ನವ-ಕನ್ಫ್ಯೂಶಿಯಸ್ ಚಿಂತನೆಯನ್ನು, ಕೊರಿಯಾಕ್ಕೆ ತಂದವನೆಂದು ಪ್ರಸಿದ್ಧನಾದವನು.

“ಈತ ಯಾವ ಊರಿಗೆ ಹೋಗಿ ಈ ಗ್ರಂಥಗಳನ್ನು ತಂದ?”

“ದಾದುವಿಗೆ, ಸರ್. ಇಂದಿನ ಬೀಜಿಂಗ್.”

“ಅಲ್ಲಿ ಆಗ ಆಳುತ್ತಿದ್ದವರು?”

“ಕುಬ್ಲಾಯ್ ಖಾನ್, ಸರ್.”

“ಹಾಗಾದರೆ ಈತನನ್ನು ಎಡಗಡೆ ಏಕೆ ಕೂರಿಸಿದ್ದೀರಿ?”

ನನ್ನ ಬಳಿ ಉತ್ತರವಿರಲಿಲ್ಲ. ಪ್ರಬಂಧವು ತಿದ್ದುಪಡಿಗೆಂದು ಹಿಂದಿರುಗಿತು, ಮತ್ತು ತಿದ್ದಲು ಕುಳಿತಾಗ ಒಂದು ಹೆಸರನ್ನು ಕದಲಿಸಿದರೆ ಸಾಲದು, ಪಟ್ಟಿಯೇ ಉಳಿಯುವುದಿಲ್ಲ ಎಂಬುದು ಅರಿವಾಯಿತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೂ ಅದೇ ಗೆರೆಯ ಮೇಲೆ ನಿಂತಿದೆ.

ಝೂ ಶಿ ದಕ್ಷಿಣ ಚೀನಾವನ್ನು ಆಳುತ್ತಿದ್ದ ಸೊಂಗ್ ರಾಜ್ಯದವನು, 1200ರಲ್ಲಿ ತೀರಿಕೊಂಡವನು. ಅವನ ಚಿಂತನೆಯು ಉತ್ತರ ಚೀನಾದಲ್ಲಿ ಬೇರೂರಿದ್ದು, 1235ರಲ್ಲಿ ಮಂಗೋಲ್ ಸೈನ್ಯದ ಕೈಗೆ ಸೆರೆಸಿಕ್ಕ ಝಾವ್ ಫೂ ಎಂಬ ವಿದ್ವಾಂಸ ಅಲ್ಲಿ ಪಾಠ ಹೇಳಲು ತೊಡಗಿದ ಮೇಲೆ. ಆನ್ ಹ್ಯಾಂಗ್ 1289ರಲ್ಲಿ ದಾದುವಿಗೆ ಹೋದದ್ದು ಚುಂಗ್ನ್ಯೊಲ್ ಅರಸನ ಪರಿವಾರದವನಾಗಿ, ಅಂದರೆ ಅಳಿಯನು ಮಾವನ ಆಸ್ಥಾನಕ್ಕೆ ಹೋದಾಗ ಜೊತೆಗಿದ್ದ ಅಧಿಕಾರಿಯಾಗಿ. ಅಲ್ಲಿ ಝೂ ಶಿಯ ಬರಹಗಳನ್ನು ತನ್ನ ಕೈಯಾರೆ ನಕಲು ಮಾಡಿಕೊಂಡು ಮರುವರ್ಷ ಹಿಂದಿರುಗಿದ. ಆ ಮದುವೆ ಆಗದೇ ಇದ್ದಿದ್ದರೆ ಆ ಪ್ರಯಾಣವೂ ಹಾಗೆ ನಡೆಯುತ್ತಿರಲಿಲ್ಲ. ಚುಂಗ್ನ್ಯೊಲ್‌ನ ಮಗ ಚುಂಗ್ಸನ್, ಅಂದರೆ ಸ್ವತಃ ಕುಬ್ಲಾಯ್‌ನ ಮೊಮ್ಮಗ, ಸಿಂಹಾಸನವನ್ನು ಮಗನಿಗೆ ಬಿಟ್ಟುಕೊಟ್ಟು ದಾದುವಿನಲ್ಲಿಯೇ ನೆಲೆಸಿ 1314ರಲ್ಲಿ ಒಂದು ಗ್ರಂಥಾಲಯವನ್ನು ತೆರೆದ. ಗೊರ್ಯೊದ ವಿದ್ವಾಂಸರು ಚೀನೀ ವಿದ್ವಾಂಸರೊಡನೆ ಕುಳಿತು ಓದಿದ್ದು, ವಾದಿಸಿದ್ದು ಅಲ್ಲಿಯೇ. ನಾನು ಆ ಗ್ರಂಥಾಲಯವನ್ನು ‘ಚೀನಾದ ಪ್ರಭಾವ’ ಎಂದು ಎಡಗಡೆ ಬರೆದಿದ್ದೆ.

ಪರೀಕ್ಷಾ ಪದ್ಧತಿಯ ಕಥೆಯೂ ಬೇರೆಯಲ್ಲ. ಆಗ ಚೀನಾವನ್ನು ಆಳುತ್ತಿದ್ದ ಮಂಗೋಲರ ಯುವಾನ್ ವಂಶದ ಆಸ್ಥಾನವು 1313ರಲ್ಲಿ ಆಜ್ಞೆ ಹೊರಡಿಸಿ, 1315ರಲ್ಲಿ ಪರೀಕ್ಷೆಯನ್ನು ಮತ್ತೆ ಆರಂಭಿಸಿದಾಗ ಝೂ ಶಿಯ ವ್ಯಾಖ್ಯಾನಗಳನ್ನೇ ಪ್ರಮಾಣವಾಗಿ ಇಟ್ಟಿತು. ಗೊರ್ಯೊದ ಅಭ್ಯರ್ಥಿಗಳಿಗೂ ಅಲ್ಲಿ ಪ್ರವೇಶವಿತ್ತು. 1333ರಲ್ಲಿ ಯೀ ಗೋಕ್ ತೇರ್ಗಡೆಯಾದ, 1354ರಲ್ಲಿ ಅವನ ಮಗ ಯೀ ಸೆಕ್. ಆ ಯೀ ಸೆಕ್‌ನೇ 1367ರಲ್ಲಿ ಕೆಸೊಂಗ್‌ನ ರಾಷ್ಟ್ರೀಯ ವಿದ್ಯಾಲಯದ ಮುಖ್ಯಸ್ಥನಾದ. ಅವನ ಬಳಗದಲ್ಲಿ ಬೆಳೆದ ಚೊಂಗ್ ದೋಜೊನ್ 1392ರಲ್ಲಿ ಹುಟ್ಟಿದ ಜೋಸನ್ ರಾಜ್ಯದ ಆಡಳಿತದ ರೂಪುರೇಷೆಯನ್ನು ಬರೆದ. ಕೊರಿಯಾದ ‘ಅಪ್ಪಟ ಕನ್ಫ್ಯೂಶಿಯಸ್ ರಾಜ್ಯ’ ಎಂದು ಹೇಳುವ ಜೋಸನ್‌ನ ಬೌದ್ಧಿಕ ವಂಶಾವಳಿಯು ಹೀಗೆ ಖಾನರ ಪರೀಕ್ಷಾ ಕೊಠಡಿಯನ್ನು ಹಾದು ಬಂದಿದೆ. ಅದರ ಸ್ಥಾಪಕ ಅರಸ ಯೀ ಸೊಂಗ್ಗ್ಯೆಯ ತಂದೆಯೂ ಈಶಾನ್ಯ ಗಡಿಯಲ್ಲಿ ಮಂಗೋಲರ ಅಧಿಕಾರಿಯಾಗಿದ್ದು, 1356ರಲ್ಲಿ ಗೊರ್ಯೊ ಪಕ್ಷಕ್ಕೆ ಬಂದವನು.

ಬಲಗಡೆಯ ಸಾಲೂ ಹೀಗೆಯೇ ಕುಸಿಯಿತು. ಭಟ್ಟಿ ಇಳಿಸುವ ವಿದ್ಯೆಯು ಪಶ್ಚಿಮ ಏಷ್ಯಾದ ಕಡೆಯಿಂದ ಬಂದದ್ದು. ಮಂಗೋಲರು ಅದನ್ನು ಹೊತ್ತು ತಂದವರು ಮಾತ್ರ. ಇನ್ನು ಕಪ್ಪದ ಜೊತೆ ಹೋದ ಹೆಣ್ಣುಮಕ್ಕಳಲ್ಲಿ ಕೀ ಮನೆತನದ ಒಬ್ಬಳು ಕೊನೆಯ ಯುವಾನ್ ಚಕ್ರವರ್ತಿಯ ರಾಣಿಯಾಗಿ, ಅವಳ ಮಗ ಯುವರಾಜನಾಗಿ, ದಾದುವಿನ ಶ್ರೀಮಂತರ ಮನೆಗಳಲ್ಲಿ ಗೊರ್ಯೊದ ಉಡುಗೆ ತೊಡುಗೆಯೇ ಮೆರೆಯತೊಡಗಿತು. ಇದು ಯಾರ ಪ್ರಭಾವ, ಯಾರ ಮೇಲೆ? ನನ್ನ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಆ ಗೆರೆಯನ್ನು ನಾನೊಬ್ಬನೇ ಎಳೆದೆನೆಂದು ಬಹಳ ದಿನ ನಾಚಿಕೊಂಡಿದ್ದೆ. ಆಮೇಲೆ ತಿಳಿದದ್ದೇನೆಂದರೆ, ಆಕರಗಳಲ್ಲಿಯೇ ಅದನ್ನು ಎಳೆದಿಟ್ಟಿದ್ದರು. ಯುವಾನ್ ವಂಶದ ಅಧಿಕೃತ ಇತಿಹಾಸವನ್ನು 1370ರ ಹೊತ್ತಿಗೆ ಅವಸರದಲ್ಲಿ ಬರೆಸಿದವರು ಅವರನ್ನು ಓಡಿಸಿದ ಮಿಂಗ್ ಅರಸರು. ಗೊರ್ಯೊದ ಇತಿಹಾಸವನ್ನು 1451ರಲ್ಲಿ ಮುಗಿಸಿದವರು ಆ ವಂಶವನ್ನು ಕೆಳಗಿಳಿಸಿದ ಜೋಸನ್‌ನ ಅಧಿಕಾರಿಗಳು. ಮಂಗೋಲರ ಕಾಲವನ್ನು ಅಪಮಾನದ ಕಾಲವೆಂದೂ, ತಮ್ಮ ವಿದ್ಯೆಯನ್ನು ನೇರವಾಗಿ ಚೀನಾದ ಋಷಿಗಳಿಂದ ಬಂದದ್ದೆಂದೂ ತೋರಿಸುವುದು ಇಬ್ಬರಿಗೂ ಬೇಕಾಗಿತ್ತು. ಆದ್ದರಿಂದ ‘ಯಾವುದಕ್ಕೆ ಆಕರ ಹೆಚ್ಚು’ ಎಂದು ಕೇಳಬೇಡಿ. ಆಕರವನ್ನು ಯಾರು, ಯಾವ ವರ್ಷ, ಯಾರ ಸಂಬಳ ತಿಂದು ಬರೆದರು ಎಂದು ಮೊದಲು ಕೇಳಿ.

ವಿಯೆಟ್ನಾಂ ಸುಲಭವಾದೀತು ಎಂದು ನಿಮಗೆ ಯಾರಾದರೂ ಹೇಳಬಹುದು, ಏಕೆಂದರೆ ಅಲ್ಲಿನ ತ್ರಾನ್ ಅರಸರು 1258, 1285 ಮತ್ತು 1288ರಲ್ಲಿ ಮಂಗೋಲರನ್ನು ಹಿಮ್ಮೆಟ್ಟಿಸಿದರು. ನಾನು ಒಪ್ಪುವುದಿಲ್ಲ. ಮೊದಲ ದಾಳಿಯ ನಂತರ, ಎರಡನೆಯದಕ್ಕೆ ಮುನ್ನ, 1272ರಲ್ಲಿ ಆ ಆಸ್ಥಾನವು ತನ್ನ ದೇಶದ ಇತಿಹಾಸವನ್ನು ಬರೆಸಿತು. ಚೀನಾಕ್ಕೆ ತಾನು ಅಧೀನವಲ್ಲವೆಂದು ಸಾರಲು ಬಳಸಿದ್ದು ಚೀನೀ ಲಿಪಿಯನ್ನು, ಚೀನೀ ಚರಿತ್ರೆಕಾರರ ಮಾದರಿಯನ್ನು. ಅಲ್ಲಿಯೂ ಗೆರೆ ನಿಲ್ಲುವುದಿಲ್ಲ.

ವಿಷಯವನ್ನು ಚಿಕ್ಕದು ಮಾಡಿ, ಒಂದೇ ರಾಜ್ಯವನ್ನು ಹಿಡಿದು, ಸಾಮ್ರಾಜ್ಯದ ರಾಜಧಾನಿಯಿಂದಲ್ಲ, ನೆರೆಯವನ ಅಂಗಳದಿಂದ ನೋಡಿ. ನನ್ನನ್ನು ಕೇಳಿದರೆ ಜೆಜು ದ್ವೀಪದ ಕುದುರೆಗಳ ಮೇಲೆ ಬರೆಯಿರಿ ಎನ್ನುತ್ತೇನೆ. 1276ರಲ್ಲಿ ಮಂಗೋಲರು ಅಲ್ಲಿ ಕುದುರೆಗಳನ್ನು ಬಿಟ್ಟು, ಸಾಕಲು ತಮ್ಮವರನ್ನೇ ನೆಲೆಗೊಳಿಸಿದರು. ಯುವಾನ್ ಬಿದ್ದ ಮೇಲೆ, 1374ರಲ್ಲಿ, ಆ ಹಿಂಡಿನಿಂದ 2,000 ಕುದುರೆಗಳನ್ನು ಕೊಡಬೇಕೆಂದು ಮಿಂಗ್ ಆಸ್ಥಾನವು ಗೊರ್ಯೊವನ್ನು ಕೇಳಿತು. ಕುಬ್ಲಾಯ್ ಸಾಕಲು ಬಿಟ್ಟ ಕುದುರೆಗಳನ್ನು ಮಿಂಗ್‌ಗೆ ಹೇಗೆ ಒಪ್ಪಿಸುವುದು ಎಂದು ಸಾಕುವವರು 300ನ್ನು ಮಾತ್ರ ಕೊಟ್ಟರು. ಆಗ ಗೊರ್ಯೊ ಅರಸನು ಸೇನಾಪತಿ ಚ್ವೆ ಯೊಂಗ್‌ನ ಕೈಕೆಳಗೆ 25,000ಕ್ಕೂ ಹೆಚ್ಚು ಸೈನಿಕರನ್ನು ಹಡಗು ಹತ್ತಿಸಿ ದ್ವೀಪಕ್ಕೆ ಕಳುಹಿಸಿದ. ಗೊರ್ಯೊದ ಇತಿಹಾಸದ ಪೂರ್ಣ ಪಠ್ಯವು ಆಧುನಿಕ ಕೊರಿಯನ್ ಅನುವಾದದೊಂದಿಗೆ ಕೊರಿಯಾ ಸರ್ಕಾರದ ಇತಿಹಾಸ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ; ಮೊದಲು 1374ರ ಆ ಪುಟಗಳನ್ನು ಓದಿಸಿಕೊಂಡು, ನಂತರ ಸಿನಾಪ್ಸಿಸ್ ಬರೆಯಲು ಕುಳಿತುಕೊಳ್ಳಿ.